ಚಹರೆ ಅಂದ್ರೆ ಏನು, ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಣೆಯಾದವರ ಪ್ರಕಟಣೆಯಲ್ಲಿ, ಪಿಂಚಣಿಯ ಆ್ಯಪ್‌ನಲ್ಲಿ, ಸಿಸಿಟಿವಿ ಸುದ್ದಿಯಲ್ಲಿ ‘ಚಹರೆ’ ಎಂಬ ಪದ ದಿನಾ ಎದುರಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಓದುಗರು ಪತ್ರದಲ್ಲಿ, ಫೋನಿನಲ್ಲಿ, ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಪದದ ಹುಟ್ಟು ಕೊನೆಗೆ.

## ಅರ್ಥದ ಬಗ್ಗೆ

ಚಹರೆ ಅಂದ್ರೆ ಮುಖ ಅಂತಲೇ ಅಲ್ವಾ?

ಹತ್ತಿರ ಇದೆ, ಆದರೆ ಮುಖವೇ ಅಲ್ಲ. ಒಬ್ಬರನ್ನು ನೋಡಿ ‘ಇವರು ಇಂಥವರು’ ಎಂದು ಗುರುತು ಹಿಡಿಯಲು ಏನೇನು ನೆರವಾಗುತ್ತದೋ ಅದೆಲ್ಲ ಸೇರಿ ಚಹರೆ. ಹಣೆ ಅಗಲವೋ ಕಿರಿದೋ, ಮೂಗು ಚೂಪೋ ಚಪ್ಪಟೆಯೋ, ಹುಬ್ಬು ಕೂಡಿದೆಯೋ, ಕೆನ್ನೆಯಲ್ಲಿ ಗುಳಿ ಬೀಳುತ್ತದೋ, ಇಂಥವು.

ಒಂದು ಸುಲಭದ ಪರೀಕ್ಷೆ ಮಾಡಿ ನೋಡಿ. ‘ಮುಖ ತೊಳ್ಕೊಂಡು ಬಾ’ ಎನ್ನುತ್ತೇವೆ. ‘ಚಹರೆ ತೊಳ್ಕೊಂಡು ಬಾ’ ಅಂತ ಯಾರೂ ಹೇಳುವುದಿಲ್ಲ. ಮುಖಕ್ಕೆ ಪೌಡರ್ ಹಚ್ಚುತ್ತೇವೆ, ಚಹರೆಗೆ ಹಚ್ಚುವುದಿಲ್ಲ. ಅದೇ ‘ಕತ್ತಲಲ್ಲಿ ಚಹರೆ ಗೊತ್ತಾಗಲಿಲ್ಲ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎದುರಿಗೆ ಒಂದು ಮುಖ ಇತ್ತು, ಯಾರದ್ದು ಎಂದು ಮಾತ್ರ ತಿಳಿಯಲಿಲ್ಲ. ಸಿಸಿಟಿವಿ ಬಗ್ಗೆ ‘ಚಹರೆ ಸ್ಪಷ್ಟವಾಗಿಲ್ಲ’ ಎಂದು ಪೊಲೀಸರು ಹೇಳುವುದೂ ಇದೇ ಅರ್ಥದಲ್ಲಿ.

ಚಹರೆ, ಲಕ್ಷಣ, ಕಳೆ, ಚರ್ಯೆ... ಇವೆಲ್ಲಾ ಒಂದೇನಾ?

ನಾಲ್ಕಕ್ಕೂ ನಾಲ್ಕು ಕೆಲಸ ಇದೆ.

‘ಹುಡುಗಿ ಲಕ್ಷಣವಾಗಿದ್ದಾಳೆ’ ಎಂದರೆ ಅದು ಮೆಚ್ಚುಗೆ. ಲಕ್ಷಣ ಎಂದರೆ ಮೂಲದಲ್ಲಿ ಗುರುತು, ಚಿಹ್ನೆ. ‘ಮಳೆ ಬರುವ ಲಕ್ಷಣ’, ‘ರೋಗಲಕ್ಷಣ’ ಎನ್ನುವಾಗ ಆ ಹಳೆಯ ಅರ್ಥವೇ ಉಳಿದಿದೆ. ಮುಖದ ವಿಷಯಕ್ಕೆ ಬಂದಾಗ ಮಾತ್ರ ಅದು ಒಳ್ಳೆಯ ಗುರುತು, ಅಂದರೆ ಚೆಲುವು ಎಂದಾಗಿದೆ. ಕಳೆ ಎಂದರೆ ಮುಖದ ಹೊಳಪು. ಇವತ್ತು ಇರುತ್ತದೆ, ನಾಲ್ಕು ದಿನ ಜ್ವರ ಬಂದರೆ ಹೋಗುತ್ತದೆ. ಮದುವೆ ಮನೆಗೂ ಕಳೆ ಇರುತ್ತದೆ.

ಚರ್ಯೆ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. ಮುಖಚರ್ಯೆ ಮತ್ತು ಮುಖಚಹರೆ ಕೇಳಲು ಹತ್ತಿರವಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಜಾಸ್ತಿ. ಚರ್ಯೆ ಸಂಸ್ಕೃತದ ‘ಚರ್’ ಧಾತುವಿನಿಂದ ಬಂದದ್ದು. ನಡೆ, ಚಲನೆ ಎಂಬ ಅರ್ಥ ಅದರೊಳಗಿದೆ. ಸಿಟ್ಟು ಬಂದಾಗ, ನಾಚಿದಾಗ, ಹೆದರಿದಾಗ ಮುಖದಲ್ಲಿ ಆಗುವ ಬದಲಾವಣೆ ಚರ್ಯೆ. ಹಾಗಾಗಿ ‘ಅವರ ಮುಖಚರ್ಯೆ ಬದಲಾಯಿತು’ ಸರಿ. ‘ಆರೋಪಿಯ ಮುಖಚರ್ಯೆ ಪತ್ತೆಯಾಗಿದೆ’ ತಪ್ಪು, ಅಲ್ಲಿ ಚಹರೆ ಬೇಕು. ಎರಡಕ್ಕೂ ಮೂಲದಲ್ಲಿ ಸಂಬಂಧ ಇಲ್ಲ.

ಇವುಗಳ ನಡುವೆ ಚಹರೆ ಒಂದೇ ಯಾರನ್ನೂ ಹೊಗಳುವುದಿಲ್ಲ, ತೆಗಳುವುದಿಲ್ಲ. ಅದಕ್ಕೇ ನನಗೆ ಈ ಪದದ ಮೇಲೆ ಗೌರವ. ಮುಖ ಚಂದವೋ ಅಲ್ಲವೋ ಎಂದು ಅದು ಕೇಳುವುದೇ ಇಲ್ಲ.

‘ಮುಖಚಹರೆ’ ಅಂತ ಬರೆದ್ರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ ಆಗಲ್ವಾ?

ಹಿಂದಿ ಬಲ್ಲವರು ಈ ಪ್ರಶ್ನೆ ಕೇಳುತ್ತಾರೆ. ಹಿಂದಿಯಲ್ಲಿ ‘ಚೆಹ್ರಾ’ ಎಂದರೆ ಮುಖವೇ. ಕನ್ನಡದಲ್ಲಿ ಆ ಪದ ಮುಂದೆ ಹೋಗಿದೆ. ಇಲ್ಲಿ ಚಹರೆ ಎಂದರೆ ಗುರುತಿನ ವಿವರ, ಆದ್ದರಿಂದ ಮುಖಚಹರೆ ಎಂದರೆ ಮುಖದ ಗುರುತಿನ ವಿವರ. ತಪ್ಪೇನಿಲ್ಲ, ಧಾರಾಳವಾಗಿ ಬರೆಯಿರಿ.

ಚಹರೆನಾ, ಚೆಹರೆನಾ?

ಎರಡೂ ಬಳಕೆಯಲ್ಲಿವೆ. ಮೂಲಕ್ಕೆ ಹತ್ತಿರ ಇರುವುದು ‘ಚೆಹರೆ’. ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದದಲ್ಲಿ ನೆಲೆ ನಿಂತದ್ದು ‘ಚಹರೆ’. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ನಮ್ಮ ತುಳುವಿನಲ್ಲಿ ಚಹರೆಗೆ ಏನಂತಾರೆ?

ತುಳುವಿನಲ್ಲಿ ಮುಖಕ್ಕೆ ‘ಮೋನೆ’. ‘ಆಯನ ಮೋನೆ ಅಪ್ಪೆನ ಲೆಕ್ಕ ಉಂಡು’ ಎಂದರೆ ಅವನದ್ದು ತಾಯಿಯ ಮುಖ ಎಂದು. ಚೆಲುವಿಗೆ ‘ಪೊರ್ಲು’ ಇದೆ. ಚಹರೆಯ ಕೆಲಸವನ್ನು ಮನೆಮಾತಿನಲ್ಲಿ ಮಾಡುವುದು ಮಾತ್ರ ‘ಗುರ್ತ’. ಮುಂಬಯಿಯಿಂದ ವರ್ಷಗಟ್ಟಲೆ ಬಿಟ್ಟು ಊರಿಗೆ ಬಂದವರು ಜಾತ್ರೆಯಲ್ಲಿ ಸಿಕ್ಕಿದರೆ ಮೊದಲು ಕೇಳುವುದು ‘ಗುರ್ತ ತಿಕ್ಕುಂಡಾ?’ ಎಂದೇ ಅಲ್ವಾ? ನಮ್ಮ ಕಡೆಯ ಕನ್ನಡದಲ್ಲೂ ಅದೇ ಮಾತು: ‘ಗುರ್ತ ಸಿಕ್ಕಿತಾ?’

ಇದು ಕನ್ನಡದ ‘ಗುರುತು’. ‘ಗುರಿ’ ಎಂಬ ಪದಕ್ಕೆ ಹತ್ತಿರದ ನಂಟು. ತಮಿಳಿನಲ್ಲೂ ‘ಕುರಿ’ ಎಂದರೆ ಗುರುತು. ಈ ಪದ ದ್ರಾವಿಡ ಭಾಷೆಗಳದ್ದೇ. ಕೊಂಕಣಿ ಮನೆಗಳಲ್ಲಿ ಮುಖಕ್ಕೆ ‘ತೋಂಡ’ ಎನ್ನುತ್ತಾರೆ, ಬಾಯಿಗೂ ಅದೇ ಪದ.

## ಕಾಣೆಯಾದವರ ಪ್ರಕಟಣೆ

ಪೇಪರಿನಲ್ಲಿ ಚಹರೆ ಅಂತ ಹಾಕಿ ಎತ್ತರ, ಬಟ್ಟೆ, ಭಾಷೆ ಎಲ್ಲಾ ಬರೀತಾರಲ್ಲ, ಅದು ಹೇಗೆ ಚಹರೆ ಆಗುತ್ತೆ?

ಮಂಗಳೂರು, ಉಡುಪಿಯ ಪತ್ರಿಕೆ ತೆರೆದರೆ ಇಂಥ ಒಂದು ಪ್ರಕಟಣೆ ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಚಹರೆ: ಎತ್ತರ 5.4 ಅಡಿ, ಎಣ್ಣೆಗಪ್ಪು ಮೈಬಣ್ಣ, ಕೋಲು ಮುಖ, ಸಪೂರ ಶರೀರ. ಬಿಳಿ ಲುಂಗಿ, ನೀಲಿ ಶರ್ಟ್ ಧರಿಸಿದ್ದರು. ತುಳು, ಕನ್ನಡ, ಕೊಂಕಣಿ ಮಾತನಾಡುತ್ತಾರೆ.’

ಇಲ್ಲಿ ಮುಖಕ್ಕೆ ಸಿಕ್ಕಿದ್ದು ಎರಡೇ ಪದ. ಉಳಿದದ್ದು ಮೈ, ಬಟ್ಟೆ, ಮಾತು. ಆದರೂ ಎಲ್ಲದಕ್ಕೂ ಸೇರಿ ಚಹರೆ ಎಂಬ ಒಂದೇ ತಲೆಬರಹ. ಕಚೇರಿ ಕನ್ನಡದಲ್ಲಿ ಇದಕ್ಕೆ ‘ಚಹರೆ ಪಟ್ಟಿ’ ಎಂಬ ಹೆಸರೂ ಇದೆ. ಪದದ ಹಳೆಯ ಬಳಕೆಯೇ ಹೀಗೆ. ಯಾಕೆ ಎಂಬುದು ಕೊನೆಯ ಭಾಗದಲ್ಲಿ ಬರುತ್ತದೆ.

ಭಾಷೆ ಬರೆಯುವುದು ನಮ್ಮ ಜಿಲ್ಲೆಗಳಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಮಲಯಾಳ ಎಲ್ಲಾ ಇರುವ ಊರು ಇದು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ದಿಕ್ಕು ತೋಚದೆ ಕೂತಿದ್ದಾರೆ, ತುಳು ಮಾತ್ರ ಆಡುತ್ತಾರೆ ಎಂದುಕೊಳ್ಳಿ. ಮುಖಕ್ಕಿಂತ ಮೊದಲು ಅವರ ಮಾತೇ ಊರನ್ನು ಹೇಳುತ್ತದೆ.

ಕೋಲು ಮುಖ, ಎಣ್ಣೆಗಪ್ಪು, ಗೋಧಿ ಬಣ್ಣ, ಸಪೂರ: ಇವಕ್ಕೆ ಸರಿಯಾದ ಅರ್ಥ ಏನು?

ಕೋಲು ಮುಖ ಎಂದರೆ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಮುಖ. ದುಂಡು ಮುಖ ಅದಕ್ಕೆ ಎದುರು. ಎಣ್ಣೆಗಪ್ಪು ಎಂದರೆ ಎಣ್ಣೆ ಸವರಿದ ಹಾಗೆ ನಯವಾಗಿ ಕಾಣುವ ಕಪ್ಪು. ಗೋಧಿ ಬಣ್ಣ ಎಂದರೆ ಅತಿ ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ ಬಣ್ಣ. ಕುಚ್ಚಲಕ್ಕಿ ಉಣ್ಣುವ ಕರಾವಳಿಯಲ್ಲಿ ಗೋಧಿಯ ಹೋಲಿಕೆ ಬಂದದ್ದು ನೋಡಿ. ಹಿಂದಿಯಲ್ಲೂ ಮೈಬಣ್ಣಕ್ಕೆ ಗೋಧಿಯದ್ದೇ ಹೆಸರು.

ಸಪೂರ ಮಾತ್ರ ನಮ್ಮ ಕಡೆಯ ಪದ. ಇಲ್ಲಿ ತೆಳ್ಳಗಿನ ಹುಡುಗನೂ ಸಪೂರ, ತೆಳ್ಳಗಿನ ಹಗ್ಗವೂ ಸಪೂರ. ಮೈಸೂರು, ಧಾರವಾಡದ ಕಡೆ ಹೇಳಿದರೆ ಹಲವರಿಗೆ ತಿಳಿಯುವುದಿಲ್ಲ. ಪ್ರಕಟಣೆ ಘಟ್ಟ ಹತ್ತುವುದಿದ್ದರೆ ‘ತೆಳ್ಳಗಿನ ಮೈಕಟ್ಟು’ ಎಂದು ಬರೆಯುವುದು ಒಳ್ಳೆಯದು.

ಮನೆಯ ಹಿರಿಯರು ದಾರಿ ತಪ್ಪಿ ಹೋದ್ರೆ ಚಹರೆ ಹೇಗೆ ಬರೆದು ಕೊಡಬೇಕು?

ಈ ಪ್ರಶ್ನೆ ಬಂದಾಗೆಲ್ಲ ನಾನು ಮೊದಲು ಹೇಳುವುದು ಒಂದೇ: ಎಲ್ಲರಿಗೂ ಹೊಂದುವ ಪದಗಳನ್ನು ನೆಚ್ಚಿ ಕೂರಬೇಡಿ. ‘ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಶರೀರ’ ಎಂದರೆ ರಥಬೀದಿಯಲ್ಲಿ ನಡೆದು ಹೋಗುವ ಹತ್ತು ಜನರಲ್ಲಿ ನಾಲ್ಕು ಜನ ಹಾಗೇ ಇರುತ್ತಾರೆ. ಅವರನ್ನು ಉಳಿದವರಿಂದ ಬೇರೆ ಮಾಡುವುದು ಏನು, ಅದನ್ನು ನೆನಪು ಮಾಡಿಕೊಳ್ಳಿ.

ಎಡ ಹುಬ್ಬಿನ ಮೇಲೆ ಹೊಲಿಗೆಯ ಕಲೆ ಇದೆಯಾ? ಮುಂದಿನ ಹಲ್ಲು ಒಂದು ಇಲ್ಲವಾ? ಕಿವಿಯ ತೂತು ಹರಿದಿದೆಯಾ? ಬಲಗಾಲು ಎಳೆದು ನಡೆಯುತ್ತಾರಾ? ಎಲೆ ಅಡಿಕೆ ಹಾಕಿ ತುಟಿ ಕೆಂಪಾಗಿರುತ್ತದಾ? ಹೆಸರು ಕೇಳಿದರೆ ತನ್ನ ಹೆಸರಿನ ಬದಲು ಮನೆಯ ಹೆಸರು ಹೇಳುತ್ತಾರಾ? ಇಂಥದ್ದು ಒಂದು ಇದ್ದರೆ ಹತ್ತು ಸಾಲಿಗೆ ಸಮ. ಎಡ, ಬಲ ಬರೆಯುವಾಗ ಅವರ ಎಡ, ಅವರ ಬಲ ಎಂದು ಖಚಿತ ಮಾಡಿಕೊಳ್ಳಿ. ಫೋಟೊ ನೋಡಿ ಬರೆದರೆ, ಅದರಲ್ಲೂ ಸೆಲ್ಫಿ ನೋಡಿ ಬರೆದರೆ, ಅದಲು ಬದಲಾಗುತ್ತದೆ.

ಎತ್ತರ ಗೊತ್ತಿಲ್ಲದಿದ್ದರೆ ಅವರು ಬಾಗಿಲ ಬಳಿ ನಿಂತಾಗ ತಲೆ ಎಲ್ಲಿಗೆ ಬರುತ್ತಿತ್ತು ಎಂದು ನೆನೆಸಿಕೊಂಡು ಅಳೆಯಿರಿ. ಬಟ್ಟೆಯ ಬಣ್ಣವನ್ನು ಮನೆಯಲ್ಲಿ ಇಬ್ಬರನ್ನಾದರೂ ಕೇಳಿ. ಕನ್ನಡಕ, ಊರುಗೋಲು, ಕೈಯಲ್ಲಿದ್ದ ಚೀಲ ಬರೆಯಿರಿ. ಫೋಟೊ ಕೊಡುವಾಗ ಹತ್ತು ವರ್ಷದ ಹಿಂದಿನ ಮದುವೆ ಫೋಟೊ ಬೇಡ. ಮೊನ್ನೆ ಮೊಬೈಲಿನಲ್ಲಿ ತೆಗೆದದ್ದು ಮಂಕಾಗಿದ್ದರೂ ಅದೇ ಒಳ್ಳೆಯದು.

ಇನ್ನೊಂದು ಮಾತು. 24 ಗಂಟೆ ಕಳೆದ ಮೇಲಷ್ಟೇ ದೂರು ತೆಗೆದುಕೊಳ್ಳುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಅಂಥ ಕಾನೂನು ಇಲ್ಲ. ಗೊತ್ತಾದ ಕೂಡಲೇ ಠಾಣೆಗೆ ಹೋಗಿ ಅಥವಾ 112ಕ್ಕೆ ಕರೆ ಮಾಡಿ. ಮಕ್ಕಳ ವಿಷಯಕ್ಕೆ 1098 ಇದೆ.

ಮೈಬಣ್ಣ ಬರೆಯೋದು ಸರಿಯಾ? ಓದಿದ್ರೆ ಬೇಜಾರಾಗುತ್ತೆ.

ಬೇಜಾರಾಗುವುದು ಸಹಜ. ನಮ್ಮಲ್ಲಿ ಬಣ್ಣದ ಮಾತು ಹೆಚ್ಚಾಗಿ ಹೆಣ್ಣು ನೋಡುವಾಗ ಬರುತ್ತದೆ, ಅಲ್ಲಿ ಅದು ನೋಯಿಸುತ್ತದೆ. ಮದುವೆ ಮಾತಿನಲ್ಲಿ ಬಣ್ಣ ಕೇಳುವುದು ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಕಟಣೆಯಲ್ಲಿ ಮಾತ್ರ ಅದನ್ನು ಬಿಡಬೇಡಿ. ಅಲ್ಲಿ ಕಪ್ಪು ಎನ್ನುವುದು ನೀಲಿ ಶರ್ಟ್ ಎಂದಷ್ಟೇ ನೇರವಾದ ವಿವರ. ‘ಕಪ್ಪಾದರೂ ಲಕ್ಷಣವಾಗಿದ್ದಾರೆ’ ಎಂಬಂಥ ಸಮಾಧಾನದ ಮಾತು ಸೇರಿಸಿದರೆ ಆಗಲೇ ಅದು ಚಹರೆ ಆಗಿ ಉಳಿಯುವುದಿಲ್ಲ.

## ಬೇರೆ ಬಳಕೆಗಳು

‘ಊರಿನ ಚಹರೆಯೇ ಬದಲಾಯಿತು’ ಅಂತಾರೆ. ಊರಿಗೂ ಚಹರೆ ಇರುತ್ತಾ?

ಇರುತ್ತದೆ. ದೂರದಿಂದ ನೋಡಿ ‘ಇದು ನಮ್ಮೂರು’ ಎನ್ನಲು ಯಾವುದು ಸಾಕಾಗುತ್ತದೋ ಅದು ಊರಿನ ಚಹರೆ. ಮಂಗಳೂರಿಗೆ ಬಹಳ ಕಾಲ ಅದು ಕೆಂಪು ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ‘ಮಂಗಳೂರು ಹಂಚು’ ಎಂಬ ಹೆಸರೇ ದೇಶದ ತುಂಬಾ ಹರಡಿತು. ಈಗ ಆ ಮಾಡುಗಳ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ. ಅಲ್ಲಿ ‘ಚಹರೆ ಬದಲಾಯಿತು’ ಎಂದರೆ ಸರಿಯಾದ ಮಾತು. ಒಂದು ರಸ್ತೆಗೆ ಡಾಮರು ಹಾಕಿದ್ದಕ್ಕೆಲ್ಲ ‘ಊರಿನ ಚಹರೆ ಬದಲು’ ಎಂದು ತಲೆಬರಹ ಕೊಟ್ಟರೆ ಪದ ಸವೆದು ಹೋಗುತ್ತದೆ.

ಯಕ್ಷಗಾನ ಆಟದ ವೇಷಧಾರಿಯ ಮುಖಕ್ಕೆ ಚಹರೆ ಎನ್ನಬಹುದಾ?

ಯಕ್ಷಗಾನದವರು ಹಾಗೆ ಹೇಳುವುದಿಲ್ಲ. ಅವರ ಪದ ‘ಮುಖವರ್ಣಿಕೆ’. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣದ ವೇಷದವರು (ರಾಕ್ಷಸನಂಥ ಉಗ್ರ ಪಾತ್ರದವರು) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಮುಳ್ಳಿನಂಥ ಉಬ್ಬು ಚುಕ್ಕಿ, ಇಡುತ್ತಾ ಹೋದ ಹಾಗೆ ಕಲಾವಿದರ ಸ್ವಂತ ಚಹರೆ ಮರೆಯಾಗುತ್ತದೆ. ಕೊನೆಗೆ ಉಳಿಯುವುದು ಪಾತ್ರದ ಮುಖ. ಆಮೇಲೆ ಪ್ರೇಕ್ಷಕರು ಕಲಾವಿದರನ್ನು ಗುರುತು ಹಿಡಿಯುವುದು ಸ್ವರದಿಂದ, ಹೆಜ್ಜೆಯಿಂದ.

ಅಪ್ಪನ ಪಿಂಚಣಿಗೆ ‘ಮುಖ ಚಹರೆ ದೃಢೀಕರಣ’ ಅಂತ ಕೇಳ್ತಾ ಇದ್ದಾರೆ. ಅದೇನು?

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಜೀವನ ಪ್ರಮಾಣಪತ್ರ ಕೊಡಬೇಕು. 2021ರ ನವೆಂಬರಿನಿಂದ ಅದನ್ನು ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಮಾಡಬಹುದು. ಫೋನು ಆ ಮುಖವನ್ನು ಆಧಾರ್‌ನಲ್ಲಿರುವ ಫೋಟೊ ಜೊತೆ ಹೋಲಿಸಿ ನೋಡುತ್ತದೆ. ನಿಜವಾದ ಮನುಷ್ಯನೇ ಎದುರಿಗಿದ್ದಾನೆ ಎಂದು ತಿಳಿಯಲು ಕಣ್ಣು ಮಿಟುಕಿಸಲು ಹೇಳುತ್ತದೆ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಿಸಿ, ಕಿಟಕಿಗೆ ಬೆನ್ನು ಹಾಕಿಸಬೇಡಿ.

ನಮ್ಮ ಜಿಲ್ಲೆಗಳಲ್ಲಿ ಇದು ದೊಡ್ಡ ಉಪಕಾರ. ಬೀಡಿ ಕಟ್ಟಿ ಕಟ್ಟಿ ಬೆರಳು ಸವೆದವರು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಸೊನೆ ತಾಗಿ ಕೈ ಸುಟ್ಟುಕೊಂಡವರು ಇಲ್ಲಿ ಎಷ್ಟು ಜನ! ಬೆರಳಚ್ಚಿನ ಯಂತ್ರಕ್ಕೆ ಅವರ ಬೆರಳಿನ ಗೆರೆ ಸಿಗುವುದೇ ಕಷ್ಟ. ಅವರ ಮುಖ ಒಪ್ಪಿಗೆ ಆಗುತ್ತದೆ ಎನ್ನುವುದು ಸಣ್ಣ ವಿಷಯ ಅಲ್ಲ.

## ಪದದ ಹುಟ್ಟು

ಇದು ಯಾವ ಭಾಷೆಯಿಂದ ಬಂದ ಪದ?

ಪರ್ಷಿಯನ್ ಭಾಷೆಯ ‘ಚೆಹ್ರ’ ಇದರ ಮೂಲ. ಅಲ್ಲಿ ಅದಕ್ಕೆ ಮುಖ ಎಂದು ಅರ್ಥ. ದಕ್ಷಿಣಕ್ಕೆ ಬಂದದ್ದು ಆಡಳಿತದ ಜೊತೆ. ಬಿಜಾಪುರದ ಆದಿಲ್‌ಶಾಹಿಗಳ, ಮರಾಠರ, ಆಮೇಲೆ ಹೈದರ್, ಟಿಪ್ಪು ಅವರ ಕಚೇರಿಗಳಲ್ಲಿ ಪರ್ಷಿಯನ್ ಪದಗಳ ಓಡಾಟ ಜೋರಾಗಿತ್ತು. ಅರ್ಜಿ, ದಾಖಲೆ, ಜಿಲ್ಲೆ, ತಾಲೂಕು, ವಕೀಲ, ಗುಮಾಸ್ತ ಎಲ್ಲಾ ಈ ದಾರಿಯಲ್ಲೇ ಬಂದವು. ಮರಾಠಿಯಲ್ಲಿ ‘ಚೆಹರೇಪಟ್ಟಿ’ ಎಂಬ ಪದ ಇಂದಿಗೂ ಇದೆ. ನಮ್ಮ ಚಹರೆ ಪಟ್ಟಿಗೆ ಅದು ತೀರಾ ಹತ್ತಿರ.

ಚೆಹ್ರಾ ಇದ್ದದ್ದು ಚಹರೆ ಆಗಿದ್ದು ಹೇಗೆ?

ಎರಡು ಬದಲಾವಣೆ ಆಗಿವೆ. ಕೊನೆಯ ‘ಆ’ ಕನ್ನಡದಲ್ಲಿ ‘ಎ’ ಆಗುತ್ತದೆ. ನಕ್ಷಾ ನಕ್ಷೆಯಾಯಿತು, ಖಜಾನಾ ಖಜಾನೆ, ತಮಾಷಾ ತಮಾಷೆ, ಕಾರ್ಖಾನಾ ಕಾರ್ಖಾನೆ, ಜಿಲ್ಲಾ ಜಿಲ್ಲೆ. ಇನ್ನೊಂದು, ‘ಹ್ರ’ ಎಂಬ ಒತ್ತಕ್ಷರ ನಾಲಿಗೆಗೆ ಸಲೀಸಲ್ಲ. ನಡುವೆ ಒಂದು ಸ್ವರ ಬಂದು ‘ಹರ’ ಆಗುತ್ತದೆ. ಪರ್ಷಿಯನ್‌ನ ‘ಶಹ್ರ್’ ಶಹರ ಆದದ್ದೂ ಹೀಗೆಯೇ.

ಮುಖ ಅನ್ನೋ ಅರ್ಥ ಬಿಟ್ಟು ಗುರುತಿನ ವಿವರ ಅನ್ನೋ ಅರ್ಥ ಹೇಗೆ ಬಂತು?

ಇದಕ್ಕೆ ಸೈನ್ಯದ ಲೆಕ್ಕಪುಸ್ತಕಕ್ಕೆ ಹೋಗಬೇಕು. ಮೊಗಲರ ಕಾಲದಲ್ಲಿ ಒಬ್ಬ ಅಧಿಕಾರಿ ಇಂತಿಷ್ಟು ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕು, ಅದಕ್ಕೆ ತಕ್ಕ ಹಣ ಅವನಿಗೆ ಸಿಗುತ್ತಿತ್ತು. ಕೆಲವರು ಹಣ ಪಡೆದು ಸವಾರರನ್ನು ಇಡುತ್ತಿರಲಿಲ್ಲ. ತಪಾಸಣೆಯ ದಿನ ಯಾರನ್ನೋ ಬಾಡಿಗೆಗೆ ತಂದು ನಿಲ್ಲಿಸುತ್ತಿದ್ದರು. ಇದನ್ನು ತಡೆಯಲು ಎರಡು ಉಪಾಯ ಇತ್ತು. ಕುದುರೆಗೆ ಬರೆ ಹಾಕುವುದು, ಅದಕ್ಕೆ ‘ದಾಗ್’ ಎಂದು ಹೆಸರು. ಸೈನಿಕನ ವಿವರ ಬರೆದಿಡುವುದು, ಅದಕ್ಕೆ ‘ಚೆಹ್ರಾ’ ಎಂದು ಹೆಸರು.

ಆ ಪಟ್ಟಿಯಲ್ಲಿ ಸೈನಿಕನ ಹೆಸರು, ತಂದೆಯ ಹೆಸರು, ಊರು, ಮೈಬಣ್ಣ, ಹಣೆ, ಹುಬ್ಬು, ಕಣ್ಣು, ಮೂಗು, ಮಚ್ಚೆ, ಸಿಡುಬಿನ ಕಲೆ ಎಲ್ಲಾ ಇರುತ್ತಿದ್ದವು. ಇಂಥ ವಿವರ ಪಟ್ಟಿ ಮತ್ತು ಬರೆಯ ಪದ್ಧತಿ ಅಲ್ಲಾವುದ್ದೀನ್ ಖಿಲ್ಜಿಯ ಕಾಲದಲ್ಲೇ ಇತ್ತು. ಅಕ್ಬರ್ ಅದನ್ನು ಮತ್ತೆ ಬಿಗಿಯಾಗಿ ಜಾರಿಗೆ ತಂದ.

ಈಗ ನಮ್ಮ ಪೇಪರಿನ ಪ್ರಕಟಣೆಯನ್ನು ಪಕ್ಕದಲ್ಲಿಟ್ಟು ನೋಡಿ. ಹೆಸರು, ತಂದೆಯ ಹೆಸರು, ಊರು, ಬಣ್ಣ, ಮುಖ, ಮಚ್ಚೆ. ಹೆಚ್ಚುಕಡಿಮೆ ಅದೇ ಕ್ರಮ. ಕನ್ನಡಕ್ಕೆ ಈ ಪದ ದಫ್ತರದ ಪದವಾಗಿ ಬಂತು. ಅದಕ್ಕೇ ನಾವು ಚಹರೆಯನ್ನು ತೊಳೆಯುವುದಿಲ್ಲ, ಬರೆಯುತ್ತೇವೆ. ಒಂದೇ ವ್ಯತ್ಯಾಸ: ಆಗ ಅದು ಮೋಸ ಹಿಡಿಯಲು ಬರೆದ ಪಟ್ಟಿ, ಈಗ ಮನೆಯವರು ತಮ್ಮವರು ಸಿಗಲಿ ಎಂದು ಬರೆಸುವ ಪಟ್ಟಿ.

ಫೋಟೊ, ಬೆರಳಚ್ಚು ಬಂದ ಮೇಲೂ ಈ ಪಟ್ಟಿ ಯಾಕೆ ಉಳೀತು?

1880ರ ದಶಕದಲ್ಲಿ ಪ್ಯಾರಿಸ್ ಪೊಲೀಸರಲ್ಲಿದ್ದ ಬರ್ಟಿಲಾನ್ ಮೈಯ ಅಳತೆ, ಕಿವಿ ಮೂಗಿನ ಆಕಾರ ಬರೆದಿಡುವ ಪದ್ಧತಿ ತಂದರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಶುರುವಾದ ಮೇಲೆ ಅಳತೆಯ ಪದ್ಧತಿ ಹಿಂದೆ ಸರಿಯಿತು. ಆದರೆ ಬೆರಳಚ್ಚು ನೋಡಿ ದಾರಿಹೋಕರು ಯಾರನ್ನೂ ಗುರುತಿಸಲಾರರು. ಫೋಟೊ ಎತ್ತರ ಹೇಳುವುದಿಲ್ಲ, ಮಾತು ಹೇಳುವುದಿಲ್ಲ, ಕುಂಟುವುದನ್ನು ಹೇಳುವುದಿಲ್ಲ. ಬೀದಿಯಲ್ಲಿ ಹುಡುಕುವ ಕಣ್ಣಿಗೆ ಬರೆದ ಚಹರೆಯೇ ಬೇಕು.

ಚಹರೆಗೂ ‘ಚಿತ್ರ’ಕ್ಕೂ ಸಂಬಂಧ ಇದೆ ಅಂತ ಯಾರೋ ಹೇಳಿದ್ರು. ನಿಜವಾ?

ನಿಜ. ಆದರೆ ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ, ಎರಡೂ ದಾಯಾದಿಗಳು.

ಪರ್ಷಿಯನ್ ಮತ್ತು ಸಂಸ್ಕೃತ ಒಂದೇ ಬುಡದಿಂದ ಕವಲೊಡೆದ ಭಾಷೆಗಳು. ಇರಾನಿನ ಹಳೆಯ ಅವೆಸ್ತಾ ಭಾಷೆಯಲ್ಲಿ ‘ಚಿಥ್ರ’ ಎಂಬ ಪದ ಇತ್ತು. ಎದ್ದು ಕಾಣುವುದು ಎಂದು ಅದರ ಅರ್ಥ. ಬೀಜ, ಮೂಲ ಎಂಬ ಅರ್ಥವೂ ಇತ್ತು. ನಡುಗಾಲದ ಪರ್ಷಿಯನ್‌ನಲ್ಲಿ ಅದು ‘ಚಿಹ್ರ್’ ಆಗಿ ರೂಪ, ಆಕಾರ ಎಂಬ ಅರ್ಥ ಪಡೆಯಿತು. ಅಲ್ಲಿಂದ ‘ಚೆಹ್ರ’. ಸಂಸ್ಕೃತದ ಕವಲಿನಲ್ಲಿ ಅದೇ ಪದ ‘ಚಿತ್ರ’. ಋಗ್ವೇದದಲ್ಲಿ ಚಿತ್ರ ಎಂದರೆ ಹೊಳೆಯುವ, ಎದ್ದು ಕಾಣುವ ಎಂದೇ ಅರ್ಥ. ಗೋಡೆಯ ಮೇಲಿನ ಚಿತ್ರ ಎಂಬ ಅರ್ಥ ಆಮೇಲಿನದ್ದು. ಚಿತ್ತಾ ನಕ್ಷತ್ರ ಆಕಾಶದಲ್ಲಿ ಪಳಪಳ ಹೊಳೆಯುತ್ತದೆ, ಸಂಸ್ಕೃತದಲ್ಲಿ ಅದರ ಹೆಸರು ಚಿತ್ರಾ.

ಇದೊಂದೇ ಜೋಡಿ ಆಗಿದ್ದರೆ ಅನುಮಾನ ಪಡಬಹುದಿತ್ತು. ಸಂಸ್ಕೃತದ ‘ತ್ರ’ ಇರುವಲ್ಲಿ ಪರ್ಷಿಯನ್‌ನಲ್ಲಿ ‘ಹ್ರ’ ಇರುವುದು ಮತ್ತೆ ಮತ್ತೆ ಸಿಗುತ್ತದೆ. ಮಿತ್ರ, ಅಲ್ಲಿ ‘ಮೆಹ್ರ್’. ಕ್ಷತ್ರ, ಅಲ್ಲಿ ‘ಶಹ್ರ್’. ಅಂದರೆ ಕ್ಷತ್ರಿಯ ಎಂಬ ಪದದಲ್ಲಿರುವ ಕ್ಷತ್ರ, ನಾವು ಹೇಳುವ ಶಹರ, ಇವೂ ದಾಯಾದಿಗಳೇ. ಕ್ರಮ ಒಂದೇ ಆದ್ದರಿಂದ ಭಾಷಾ ವಿದ್ವಾಂಸರು ಈ ಸಂಬಂಧವನ್ನು ಒಪ್ಪುತ್ತಾರೆ. ಸುಮ್ನೆ ಉಚ್ಚಾರ ಹತ್ತಿರ ಇದೆ ಎಂದು ಹೇಳಿದ ಮಾತಲ್ಲ ಇದು.

ಇಂಥ ಪದಗಳ ಮೂಲ ನಾವೇ ಹುಡುಕೋದು ಹೇಗೆ?

ಕಿಟ್ಟೆಲ್ ನಿಘಂಟಿನಿಂದ ಶುರು ಮಾಡಿ. ಅದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂದದ್ದು. ಹಿಂದೂಸ್ತಾನಿ, ಮರಾಠಿಯಿಂದ ಬಂದ ಪದಗಳಿಗೆ ಅದರಲ್ಲಿ ಬೇರೆ ಗುರುತು ಹಾಕಿದ್ದಾರೆ. ತುಳು ಪದಗಳಿಗೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ 6 ಸಂಪುಟಗಳ ತುಳು ನಿಘಂಟು ಇದೆ. ಅದರಲ್ಲಿ ಬೇರೆ ಬೇರೆ ಊರಿನ, ಸಮುದಾಯದ ರೂಪಗಳೂ ಸಿಗುತ್ತವೆ.

ಪರ್ಷಿಯನ್ ಪದ ಅಂದ್ಮೇಲೆ ಅದನ್ನು ಬಿಟ್ಟು ಅಚ್ಚಗನ್ನಡ ಪದ ಬಳಸಬೇಕಲ್ವಾ?

‘ಗುರುತು’ ಒಳ್ಳೆಯ ಪದ, ಬೇಕಾದಲ್ಲಿ ಬಳಸಿ. ಆದರೆ ಚಹರೆಯ ಜಾಗ ಪೂರ್ತಿ ತುಂಬಲು ಅದಕ್ಕೆ ಆಗುವುದಿಲ್ಲ. ಗುರುತು ಎಂದರೆ ಒಂದು ಮಚ್ಚೆಯೂ ಆಗಬಹುದು, ಪರಿಚಯವೂ ಆಗಬಹುದು, ಮತದಾನದ ಚಿಹ್ನೆಯೂ ಆಗಬಹುದು. ಒಬ್ಬ ಮನುಷ್ಯನ ಇಡೀ ರೂಪದ ವಿವರ ಎನ್ನಲು ಜನರ ಬಾಯಲ್ಲಿ ಈಗಾಗಲೇ ಒಂದು ಪದ ಇದೆ. ಕಾಣೆಯಾದವರ ಪ್ರಕಟಣೆಯನ್ನು ಓದುವುದು ಮೀನು ಮಾರುವವರು, ಬಸ್ ಕಂಡಕ್ಟರ್, ಗೂಡಂಗಡಿಯವರು. ಅವರಿಗೆ ಓದಿದ ಕೂಡಲೇ ತಿಳಿಯಬೇಕು. ‘ಚಹರೆ’ ಎಂದರೆ ಅವರಿಗೆ ತಿಳಿಯುತ್ತದೆ.